ಎರಡು ವೈಫೈ ಸೇರಿಸಿದರೆ ಸ್ಪೀಡ್ ಡಬಲ್ ಆಗುತ್ತಾ? ಯಾರಿಗೆ ಯಾವ ದಾರಿ ಸರಿ

ಮನೆಗೆ ಒಂದು ಫೈಬರ್ ಲೈನ್ ಇದೆ. ಕೈಯಲ್ಲಿ 5ಜಿ ಫೋನ್ ಇದೆ. ಕೆಳಗಿನ ಮನೆಯವರು ಬೇಕಾದಾಗ ಬಳಸಿ ಅಂತ ತಮ್ಮ ವೈಫೈ ಪಾಸ್‌ವರ್ಡನ್ನೂ ಕೊಟ್ಟಿದ್ದಾರೆ. ಲ್ಯಾಪ್‌ಟಾಪ್ ತೆರೆದರೆ ಮೂರು ಹೆಸರೂ ಸಾಲಾಗಿ ಕಾಣುತ್ತವೆ, ಆದರೆ ಒಂದು ಸಲಕ್ಕೆ ಒಂದಕ್ಕೆ ಮಾತ್ರ ಸೇರಿಕೊಳ್ಳಲು ಬಿಡುತ್ತದೆ. ಮೂರನ್ನೂ ಒಟ್ಟಿಗೆ ಹಿಡಿದು ಸ್ಪೀಡ್ ಕೂಡಿಸಿಕೊಂಡರೆ ಏನಾಗುತ್ತದೆ ಅನ್ನೋ ಆಸೆ ಇಲ್ಲಿಂದಲೇ ಶುರು.

ಕೂಡಿಸಬಹುದು. ಆದರೆ ದಾರಿಗಳು ಹಲವು, ಒಂದೊಂದರಿಂದ ಸಿಗುವುದೂ ಬೇರೆ ಬೇರೆ. ಕೆಲವು ಪುಕ್ಕಟೆ, ಕೆಲವಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು, ಕೆಲವಕ್ಕೆ ದೂರದಲ್ಲೆಲ್ಲೋ ಒಂದು ಸರ್ವರ್ ಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಸ್ಪೀಡ್ ಡಬಲ್ ಮಾಡಬೇಕು ಅಂತ ಹುಡುಕುವವರಲ್ಲಿ ಹೆಚ್ಚಿನವರಿಗೆ ನಿಜವಾಗಿ ಬೇಕಿರುವುದು ಸ್ಪೀಡ್ ಅಲ್ಲ, ಕೆಲಸದ ನಡುವೆ ನೆಟ್ ಕೈಕೊಡದೆ ಇರುವುದು. ಅದಕ್ಕೆ ಕೊಳ್ಳಬೇಕಾದ ಸಾಮಾನೇ ಬೇರೆ, ಮತ್ತು ಅದು ಅಗ್ಗ.

ಮೊದಲು ಎಲ್ಲಿ ಕಟ್ಟಿಕೊಂಡಿದೆ ಅಂತ ನೋಡಿ

ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಲ್ಲಿ ರೂಟರಿಗೆ ಸಿಕ್ಕಿಸಿ ಒಂದು ಸ್ಪೀಡ್ ಟೆಸ್ಟ್ ಮಾಡಿ. ಕೇಬಲ್ ಕಿತ್ತು, ರೂಟರ್ ಪಕ್ಕದಲ್ಲೇ ಕೂತು ವೈಫೈನಲ್ಲಿ ಇನ್ನೊಂದು ಮಾಡಿ. ಆಮೇಲೆ ನೀವು ದಿನಾ ಕೂರುವ ಜಾಗದಲ್ಲಿ ಮತ್ತೊಂದು. ಕೇಬಲ್‌ನಲ್ಲಿ 100 ಎಂಬಿಪಿಎಸ್ ಬಂದು ನಿಮ್ಮ ರೂಮಿನಲ್ಲಿ 15 ಬರುತ್ತಿದ್ದರೆ ಎರಡನೇ ಲೈನ್ ತಂದು ಸೇರಿಸುವ ಮಾತೇ ಬೇಡ. ತೊಂದರೆ ಇರುವುದು ನಡುವಿನ ಗೋಡೆಗಳಲ್ಲಿ. ರೂಮಿನ ತನಕ ಒಂದು ಕೇಬಲ್ ಎಳೆಸಿ, ಅಲ್ಲೊಂದು ಆಕ್ಸೆಸ್ ಪಾಯಿಂಟ್ (ಕೇಬಲ್‌ನಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವ ಡಬ್ಬ) ಇಟ್ಟರೆ ಮುಗಿಯಿತು.

300 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡಿದ್ದೀರಿ, ಆದರೆ ಕೇಬಲ್‌ನಲ್ಲೂ 94 ದಾಟುತ್ತಿಲ್ಲವಾ? ಹಾಗಿದ್ದರೆ ರೂಟರಿನ ಪೋರ್ಟ್ 100 ಎಂಬಿಪಿಎಸ್‌ನದ್ದು, ಅಥವಾ ಕೇಬಲ್ ಒಳಗಿನ ನಾಲ್ಕು ಜೋಡಿ ತಂತಿಗಳಲ್ಲಿ ಎರಡೇ ಜೋಡಿ ಕೆಲಸ ಮಾಡುತ್ತಿವೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಅಗ್ಗದ ರೂಟರುಗಳ ಡಬ್ಬದ ಮೇಲೆ ದೊಡ್ಡದಾಗಿ 1200 ಅಂತ ಬರೆದಿರುತ್ತಾರೆ, ಆದರೆ ಹಿಂದಿನ ಪೋರ್ಟ್‌ಗಳು 100 ಮಾತ್ರ. ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ, ನಾವೇ ಕೇಳಬೇಕು.

ಇಲ್ಲೇ ಇನ್ನೊಂದು ತಪ್ಪು ಕಲ್ಪನೆ ಬಿಟ್ಟುಬಿಡಿ. ಒಂದೇ ರೂಟರಿನಿಂದ ಹೊರಟ ಎರಡು ಆಕ್ಸೆಸ್ ಪಾಯಿಂಟ್‌ಗಳನ್ನು ನೀವು ಒಟ್ಟಿಗೆ ಹಿಡಿದರೂ ಹೊರಗಿನ ಲೈನ್ ಒಂದೇ, ಅಲ್ವಾ? ಅಲ್ಲಿ 50 ಇದ್ದರೆ 50. ಮೆಶ್ ವ್ಯವಸ್ಥೆಯೂ ಹಾಗೆಯೇ, ಅದು ಸಿಗ್ನಲ್ಲನ್ನು ಮನೆ ತುಂಬಾ ಹರಡುತ್ತದೆ, ನೆಟ್ ಹೆಚ್ಚಿಸುವುದಿಲ್ಲ. ರಿಪೀಟರ್ ಇನ್ನೂ ಕೆಳಗೆ: ಬಹುತೇಕ ಅಗ್ಗದವು ಒಂದೇ ಚಾನೆಲ್ಲಿನಲ್ಲಿ ಕೇಳಿಸಿಕೊಂಡು ಅದನ್ನೇ ಮತ್ತೆ ಕೂಗುವುದರಿಂದ ಸಿಗುವ ಸ್ಪೀಡ್ ಅರ್ಧಕ್ಕೆ ಇಳಿಯುತ್ತದೆ. ಹೊಸ ವೈಫೈ 7ರಲ್ಲಿ ಎಂಎಲ್‌ಒ ಅಂತ ಬಂದಿದೆ, 2024ರ ಜನವರಿಯಲ್ಲಿ ಅದರ ಸರ್ಟಿಫಿಕೇಶನ್ ಶುರುವಾಯಿತು. ಒಂದೇ ಆಕ್ಸೆಸ್ ಪಾಯಿಂಟಿನ ಎರಡು ಮೂರು ಬ್ಯಾಂಡ್‌ಗಳನ್ನು ಒಟ್ಟಿಗೆ ಬಳಸುವುದು ಅದರ ಕೆಲಸ. ಚೆನ್ನಾಗಿದೆ, ಆದರೆ ಎರಡು ಬೇರೆ ಬೇರೆ ಕಂಪನಿಗಳ ಲೈನ್ ಸೇರಿಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಂಗಡಿಯವರು ಹೇಳಿದರೂ ನಂಬಬೇಡಿ.

ಕೂಡಿಸುವ ಮಾತು ಬರುವುದು ಹೊರಗಿನ ಲೈನುಗಳೇ ಎರಡು ಇದ್ದಾಗ, ಮತ್ತು ನಿಜವಾದ ಇಕ್ಕಟ್ಟು ಆ ಲೈನಿನಲ್ಲೇ ಇದ್ದಾಗ.

ಹಂಚುವುದು ಬೇರೆ, ಕೂಡಿಸುವುದು ಬೇರೆ

ಇದೊಂದು ಅರ್ಥವಾದರೆ ಮುಂದಿನದ್ದೆಲ್ಲ ಸುಲಭ.

ಶಿವಮೊಗ್ಗದಿಂದ ಬೆಂಗಳೂರಿಗೆ ಒಂದು ಬಸ್ಸಿನ ಬದಲು ಎರಡು ಬಸ್ ಬಿಟ್ಟರೆ ಡಬಲ್ ಜನ ಹೋಗಬಹುದು, ಆದರೆ ಒಬ್ಬ ಪ್ರಯಾಣಿಕ ಅರ್ಧ ಹೊತ್ತಿನಲ್ಲಿ ತಲುಪುವುದಿಲ್ಲ. ಲೋಡ್ ಬ್ಯಾಲೆನ್ಸಿಂಗ್ ಅಂದರೆ ಇಷ್ಟೇ. ನಿಮ್ಮ ಬ್ರೌಸರ್ ತೆರೆಯುವ ಒಂದೊಂದು ಕನೆಕ್ಷನ್ನನ್ನೂ (ಅಂದರೆ ಒಂದು ಸೈಟಿನ ಅಥವಾ ಆ್ಯಪಿನ ಸರ್ವರ್ ಜೊತೆಗಿನ ಒಂದು ಮಾತುಕತೆಯನ್ನು) ಯಾವುದೋ ಒಂದು ಲೈನಿಗೆ ಹತ್ತಿಸಿ ಕಳಿಸುತ್ತದೆ. ಮಗಳ ಕ್ಲಾಸ್ ಒಂದು ಲೈನಿನಲ್ಲಿ, ಟಿವಿಯ ಸಿನಿಮಾ ಇನ್ನೊಂದರಲ್ಲಿ. ಒಂದು ಸಲ ಹತ್ತಿದ ಕನೆಕ್ಷನ್ ಕೊನೆಯ ತನಕ ಅದೇ ಲೈನಿನಲ್ಲೇ ಇರುತ್ತದೆ.

ಬಾಂಡಿಂಗ್ ಹಾಗಲ್ಲ. ಒಂದೇ ಕನೆಕ್ಷನ್ನಿನ ಪ್ಯಾಕೆಟ್‌ಗಳನ್ನು, ಅಂದರೆ ಡೇಟಾದ ಸಣ್ಣ ತುಂಡುಗಳನ್ನು, ಬಿಡಿಸಿ ಎರಡೂ ಲೈನಿನಲ್ಲಿ ಕಳಿಸುತ್ತದೆ. ಹಾಗೆ ಕಳಿಸಿದರೆ ಆಚೆ ಕಡೆ ಯಾರಾದರೂ ಅವನ್ನು ಕ್ರಮವಾಗಿ ಜೋಡಿಸಬೇಕು. ಯೂಟ್ಯೂಬಿನ ಸರ್ವರಾಗಲಿ ನಿಮ್ಮ ಬ್ಯಾಂಕಿನ ಸರ್ವರಾಗಲಿ ಅದನ್ನು ಮಾಡಿಕೊಡುವುದಿಲ್ಲ, ಎರಡು ಬೇರೆ ಐಪಿ ವಿಳಾಸಗಳಿಂದ (ನೆಟ್‌ನಲ್ಲಿ ಒಂದೊಂದು ಲೈನಿಗೆ ಇರುವ ಅಂಕೆಯ ವಿಳಾಸ) ಬಂದ ತುಂಡುಗಳನ್ನು ಅವು ಒಬ್ಬರದ್ದೇ ಅಂತ ಒಪ್ಪುವುದೇ ಇಲ್ಲ. ಅದಕ್ಕೇ ನಡುವೆ ಒಂದು ಸರ್ವರ್ ಇರಲೇಬೇಕು, ನಿಮ್ಮದೇ ಆಗಿರಲಿ ಬಾಡಿಗೆಯದ್ದಾಗಿರಲಿ. ಸರ್ವರ್ ಇಲ್ಲದೆ ಬಾಂಡಿಂಗ್ ಮಾಡಿಕೊಡುತ್ತೇವೆ ಅಂತ ಯಾರಾದರೂ ಅಂದರೆ ಅವರು ಮಾರುತ್ತಿರುವುದು ಲೋಡ್ ಬ್ಯಾಲೆನ್ಸಿಂಗ್.

ಸ್ಪೀಡ್ ಟೆಸ್ಟ್ ತೋರಿಸಿ ಮರುಳು ಮಾಡುವುದೂ ಸುಲಭ. ಈ ಟೆಸ್ಟ್‌ಗಳು ಸಾಮಾನ್ಯವಾಗಿ ಒಂದೇ ಸಲ ಹಲವು ಕನೆಕ್ಷನ್ ತೆರೆಯುತ್ತವೆ, ಅವು ಎರಡೂ ಲೈನಿಗೆ ಹಂಚಿಕೆಯಾಗಿ ಪರದೆಯ ಮೇಲೆ ಒಟ್ಟು ಮೊತ್ತ ಕಾಣುತ್ತದೆ. ಊಕ್ಲಾದ ಸ್ಪೀಡ್‌ಟೆಸ್ಟ್‌ನಲ್ಲಿ ಒಂದೇ ಕನೆಕ್ಷನ್ ಬಳಸುವ ಆಯ್ಕೆ ಇದೆ. ಅದನ್ನು ಒತ್ತಿ ನೋಡಿದರೆ ಬಣ್ಣ ಬಯಲಾಗುತ್ತದೆ.

ಹಾಗಾದರೆ ಹಂಚಿಕೆ ಉಪಯೋಗವಿಲ್ಲವಾ? ಖಂಡಿತ ಇದೆ. ಟೊರೆಂಟ್, ಸ್ಟೀಮ್‌ನಲ್ಲಿ ಗೇಮ್ ಇಳಿಸುವುದು, ನಾಲ್ಕು ಜನ ಒಟ್ಟಿಗೆ ನೆಟ್ ಬಳಸುವ ಮನೆ, ಇವೆಲ್ಲ ಹಲವು ಕನೆಕ್ಷನ್‌ಗಳ ಲೆಕ್ಕ. ಅಲ್ಲಿ ಹಂಚಿಕೆಯೇ ಕೂಡಿಕೆಯಷ್ಟು ಫಲ ಕೊಡುತ್ತದೆ. ಕೈಕೊಡುವುದು ಆಫೀಸ್ ವಿಪಿಎನ್‌ನಲ್ಲಿ, ಅಂದರೆ ಮನೆಯಿಂದ ಆಫೀಸಿನ ನೆಟ್‌ವರ್ಕಿಗೆ ಹೋಗುವ ಸುರಕ್ಷಿತ ಸುರಂಗದಲ್ಲಿ. ಇಡೀ ವಿಪಿಎನ್ ಒಂದೇ ಕನೆಕ್ಷನ್. ಊರಿನ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಎರಡು ಲೈನ್ ಹಾಕಿಸಿ, ಹಂಚುವ ರೂಟರ್ ತಂದು, ಆಮೇಲೆ ವಿಪಿಎನ್ ಸ್ಪೀಡ್ ಹಾಗೇ ಇದೆಯಲ್ಲ ಅಂತ ತಲೆ ಕೆರೆದುಕೊಳ್ಳುವುದು ಈ ಕಾರಣಕ್ಕೆ.

ಫೋನಿನಲ್ಲೇ ಇದ್ದರೆ

ದುಡ್ಡು ಖರ್ಚಿಲ್ಲದ ದಾರಿ ಇದು, ಆದ್ದರಿಂದ ಮೊದಲು ಇದನ್ನೇ ನೋಡಿ. ಎರಡು ವೈಫೈಗೆ ಒಟ್ಟಿಗೆ ಸೇರುವ ಅನುಕೂಲಕ್ಕೆ ಆಂಡ್ರಾಯ್ಡ್ 12ರಲ್ಲಿ ಗೂಗಲ್ ಅಧಿಕೃತವಾಗಿ ಜಾಗ ಮಾಡಿಕೊಟ್ಟಿತು. ಅದಕ್ಕೂ ಮೊದಲೇ ಶಿಯೋಮಿ, ಒಪ್ಪೋ, ವಿವೋದವರ ಕೆಲವು ಫೋನುಗಳಲ್ಲಿ ಇದು ಇತ್ತು. ವೈಫೈ ಸೆಟ್ಟಿಂಗ್ಸ್ ಒಳಗೆ ಡ್ಯುಯಲ್ ವೈಫೈ, ಡ್ಯುಯಲ್ ಚಾನೆಲ್ ಅನ್ನೋ ತರಹದ ಹೆಸರಿನಲ್ಲಿ ಅಡಗಿರುತ್ತದೆ. ಎಲ್ಲ ಮಾಡೆಲ್ಲಿನಲ್ಲೂ ಇಲ್ಲ. ಚಿಪ್ಪಿನಲ್ಲಿ ಎರಡು ರೇಡಿಯೋ ಒಟ್ಟಿಗೆ ಕೆಲಸ ಮಾಡುವ ಶಕ್ತಿ ಇರಬೇಕು, ಮತ್ತು ಸಾಮಾನ್ಯವಾಗಿ ಒಂದು ವೈಫೈ 2.4 ಗಿಗಾಹರ್ಟ್ಸ್‌ನಲ್ಲೂ ಇನ್ನೊಂದು 5ರಲ್ಲೂ ಇರಬೇಕು.

ವೈಫೈ ಜೊತೆ ಮೊಬೈಲ್ ಡೇಟಾ ಸೇರಿಸುವುದು ಇನ್ನೂ ಹಳೆಯ ಉಪಾಯ. 2014ರಲ್ಲಿ ಬಂದ ಗ್ಯಾಲಕ್ಸಿ ಎಸ್5ನಲ್ಲಿ ಸ್ಯಾಮ್‌ಸಂಗ್ ಡೌನ್‌ಲೋಡ್ ಬೂಸ್ಟರ್ ಅಂತ ಕೊಟ್ಟಿತ್ತು. 30 ಎಂಬಿಗಿಂತ ದೊಡ್ಡ ಫೈಲ್ ಇದ್ದರೆ ಅದರ ಒಂದು ಭಾಗವನ್ನು ವೈಫೈನಲ್ಲೂ ಇನ್ನೊಂದು ಭಾಗವನ್ನು 4ಜಿಯಲ್ಲೂ ತರಿಸುತ್ತಿತ್ತು. ಮರುವರ್ಷ ದಕ್ಷಿಣ ಕೊರಿಯಾದ ಕೆಟಿ ಕಂಪನಿ ಗ್ಯಾಲಕ್ಸಿ ಎಸ್6 ಫೋನುಗಳಲ್ಲಿ ವೈಫೈ ಮತ್ತು ಎಲ್‌ಟಿಇ ಎರಡನ್ನೂ ಎಂಪಿಟಿಸಿಪಿ (ಒಂದೇ ಕನೆಕ್ಷನ್ನನ್ನು ಹಲವು ಲೈನಿನಲ್ಲಿ ಸಾಗಿಸುವ ವಿಧಾನ) ಮೂಲಕ ನಿಜವಾಗಿಯೇ ಕೂಡಿಸಿ ಗಿಗಾ ಎಲ್‌ಟಿಇ ಅಂತ ಮಾರಿತು. ಅಲ್ಲಿ ನಡುವಿನ ಸರ್ವರ್ ಕಂಪನಿಯದ್ದೇ, ಅದಕ್ಕೇ ಗ್ರಾಹಕರಿಗೆ ತಲೆನೋವಿರಲಿಲ್ಲ.

ಐಫೋನ್ ಇಟ್ಟುಕೊಂಡವರಿಗೆ ಫೋನಿನ ಸೆಟ್ಟಿಂಗ್ಸ್‌ನಲ್ಲೇ ಈ ಭಾಗ್ಯ ಇಲ್ಲ. ತಮಾಷೆ ಅಂದರೆ ಎಂಪಿಟಿಸಿಪಿಯನ್ನು ದೊಡ್ಡ ಮಟ್ಟದಲ್ಲಿ ಮೊದಲು ಬಳಸಿದವರಲ್ಲಿ ಆಪಲ್ ಒಂದು, 2013ರ ಐಒಎಸ್ 7ರಲ್ಲಿ ಸಿರಿಗೋಸ್ಕರ. ಆದರೆ ಅದು ವೈಫೈ ಬಿಟ್ಟು ಹೊರಗೆ ನಡೆದಾಗ ಸಿರಿ ಮಾತು ಕತ್ತರಿಸದೆ ಮೊಬೈಲ್ ಡೇಟಾಕ್ಕೆ ಜಾರಿಕೊಳ್ಳಲಿ ಅಂತ ಇಟ್ಟದ್ದು, ಸ್ಪೀಡ್ ಹೆಚ್ಚಿಸಲು ಅಲ್ಲ.

ಫೋನಿನ ಡ್ಯುಯಲ್ ವೈಫೈ ಬಗ್ಗೆ ನನ್ನ ಮಾತು: ಇದ್ದರೆ ಹಾಕಿಕೊಳ್ಳಿ, ಇದಕ್ಕೋಸ್ಕರ ಫೋನ್ ಬದಲಿಸಬೇಡಿ. ಒಳಗೆ ನಡೆಯುವುದು ಮತ್ತೆ ಹಂಚಿಕೆಯೇ, ಅದೂ ಕೆಲವು ಆ್ಯಪ್‌ಗಳಿಗೆ ಮಾತ್ರ.

ಒಂದು ಲ್ಯಾಪ್‌ಟಾಪಿಗೆ ಸಾಕು ಅನ್ನುವವರಿಗೆ

ಒಂದು ಯುಎಸ್‌ಬಿ ವೈಫೈ ಡಾಂಗಲ್ ತಂದು ಸಿಕ್ಕಿಸಿದರೆ ಲ್ಯಾಪ್‌ಟಾಪಿಗೆ ಎರಡನೇ ರೇಡಿಯೋ ಸಿಕ್ಕಿತು. ಒಳಗಿನ ಕಾರ್ಡ್ ಮನೆಯ ವೈಫೈಗೆ, ಡಾಂಗಲ್ ಹಾಟ್‌ಸ್ಪಾಟಿಗೆ. ಇನ್ನೂ ಒಳ್ಳೆಯದು ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲೇ ಸಿಕ್ಕಿಸಿ ಟೆದರಿಂಗ್ ಮಾಡುವುದು, ಅಂದರೆ ಫೋನಿನ ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಡುವುದು. ಡಾಂಗಲಿನ ದುಡ್ಡೂ ಉಳಿಯುತ್ತದೆ, ಗಾಳಿಯಲ್ಲಿ ಎರಡು ವೈಫೈ ಕಿತ್ತಾಡುವುದೂ ತಪ್ಪುತ್ತದೆ, ಫೋನ್ ಚಾರ್ಜ್ ಕೂಡ ಆಗುತ್ತಿರುತ್ತದೆ.

ಎರಡು ವೈಫೈ ಅಂತಲೇ ಹಟ ಇದ್ದರೆ ಚಾನೆಲ್ ನೋಡಿ. ಎರಡೂ ಒಂದೇ ಚಾನೆಲ್ಲಿನಲ್ಲಿದ್ದರೆ ಒಂದು ಮಾತಾಡುವಾಗ ಇನ್ನೊಂದು ಬಾಯಿ ಮುಚ್ಚಿಕೊಂಡಿರಬೇಕು, ಕೂಡಿಸಿ ಏನೂ ಸಿಗುವುದಿಲ್ಲ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ, ಅಪಾರ್ಟ್‌ಮೆಂಟುಗಳಲ್ಲಿ ಮೂರೂ ತುಂಬಿ ತುಳುಕುತ್ತಿರುತ್ತವೆ. 5ರಲ್ಲಿ ಜಾಗ ಬೇಕಾದಷ್ಟಿದೆ, 2018ರ ಅಕ್ಟೋಬರಿನಲ್ಲಿ ಸರ್ಕಾರ ಆ ಬ್ಯಾಂಡಿನ 605 ಮೆಗಾಹರ್ಟ್ಸ್ ಅಷ್ಟನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು.

ಈಗ ಎರಡೂ ಸೇರಿದವು. ಏನಾಯಿತು? ಏನೂ ಆಗಲಿಲ್ಲ. ವಿಂಡೋಸ್ ಒಂದೊಂದು ಲೈನಿಗೂ ಮೆಟ್ರಿಕ್ ಅಂತ ಒಂದು ಅಂಕೆ ಕೊಟ್ಟಿರುತ್ತದೆ, ಕಡಿಮೆ ಅಂಕೆ ಇದ್ದದ್ದರಲ್ಲೇ ಎಲ್ಲವನ್ನೂ ಕಳಿಸುತ್ತದೆ. ಇನ್ನೊಂದು ಸುಮ್ನೆ ಕೂತಿರುತ್ತದೆ. ಮ್ಯಾಕ್‌ನಲ್ಲೂ ಸರ್ವಿಸ್ ಆರ್ಡರ್ ಅಂತ ಇದೇ ಕಥೆ. ಎರಡನ್ನೂ ದುಡಿಸಲು ಮೇಲೊಂದು ಸಾಫ್ಟ್‌ವೇರ್ ಬೇಕು.

ಪುಕ್ಕಟೆಯದ್ದು ಎರಡಿವೆ. ದೊಡ್ಡ ಫೈಲ್ ಇಳಿಸುವುದು ಮಾತ್ರ ಉದ್ದೇಶವಾದರೆ ಏರಿಯಾ2 ಅನ್ನೋ ಡೌನ್‌ಲೋಡ್ ಪ್ರೋಗ್ರಾಂ ಸಾಕು. ಅದಕ್ಕೆ ಎರಡು ಇಂಟರ್ಫೇಸ್‌ಗಳ (ಲ್ಯಾಪ್‌ಟಾಪಿಗೆ ನೆಟ್ ಬರುವ ಎರಡು ದಾರಿಗಳ) ಹೆಸರು ಕೊಟ್ಟರೆ ಫೈಲಿನ ತುಂಡುಗಳನ್ನು ಎರಡರಲ್ಲೂ ತರಿಸುತ್ತದೆ. ಲಿನಕ್ಸ್ ಗೊತ್ತಿದ್ದವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಇದರ ಚಂದ ಏನೆಂದರೆ ಒಂದೇ ಫೈಲ್ ನಿಜವಾಗಿಯೂ ಬೇಗ ಬರುತ್ತದೆ, ನಡುವೆ ಸರ್ವರೂ ಬೇಡ, ಯಾಕೆಂದರೆ ತುಂಡುಗಳನ್ನು ಜೋಡಿಸುವವರು ನೀವೇ. ಫೈಲ್ ಕೊಡುವ ಸರ್ವರ್ ತುಂಡು ತುಂಡಾಗಿ ಕೊಡಲು ಒಪ್ಪಬೇಕು ಅಷ್ಟೇ. ಎರಡನೆಯದು ಡಿಸ್ಪ್ಯಾಚ್ ಪ್ರಾಕ್ಸಿ. ಲ್ಯಾಪ್‌ಟಾಪಿನಲ್ಲೇ ಓಡುವ ಪುಟ್ಟ ಪ್ರಾಕ್ಸಿ ಇದು, ಅಂದರೆ ಬ್ರೌಸರಿಗೂ ನೆಟ್‌ಗೂ ನಡುವೆ ನಿಲ್ಲುವ ಮಧ್ಯವರ್ತಿ. ಬ್ರೌಸರನ್ನು ಇದಕ್ಕೆ ತೋರಿಸಿದರೆ ಒಂದೊಂದು ಕನೆಕ್ಷನ್ನನ್ನು ಒಂದೊಂದು ಲೈನಿಗೆ ಹಂಚುತ್ತದೆ. ಕಮಾಂಡ್ ಲೈನ್ ಅಂದರೆ ಹೆದರುವವರಿಗೆ ಇವೆರಡೂ ಅಲ್ಲ.

ಡಾಂಗಲೇ ಇಲ್ಲದೆ ಒಂದೇ ವೈಫೈ ಕಾರ್ಡಿನಲ್ಲಿ ಹಲವು ಆಕ್ಸೆಸ್ ಪಾಯಿಂಟ್ ಹಿಡಿಯಲು ಆಗಲ್ವಾ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. 2008ರಲ್ಲಿ ಫ್ಯಾಟ್‌ವ್ಯಾಪ್ ಅನ್ನೋ ಸಂಶೋಧನೆ ಇದನ್ನು ಮಾಡಿ ತೋರಿಸಿತು. ಅಲ್ಲಿನ ಉಪಾಯ ಮಜಾ ಇದೆ: ಕಾರ್ಡ್ ಒಂದು ಆಕ್ಸೆಸ್ ಪಾಯಿಂಟಿಗೆ ನಾನು ಬ್ಯಾಟರಿ ಉಳಿಸಲು ನಿದ್ದೆ ಹೋಗುತ್ತೇನೆ ಅಂತ ಸುಳ್ಳು ಹೇಳುತ್ತದೆ. ಅದು ಪಾಪ, ಪ್ಯಾಕೆಟ್‌ಗಳನ್ನು ತನ್ನ ಬಳಿ ಹಿಡಿದಿಟ್ಟುಕೊಂಡು ಕಾಯುತ್ತದೆ. ಅಷ್ಟರಲ್ಲಿ ಕಾರ್ಡ್ ಇನ್ನೊಂದು ಚಾನೆಲ್ಲಿಗೆ ಹಾರಿ ಅಲ್ಲಿನ ಆಕ್ಸೆಸ್ ಪಾಯಿಂಟಿನಿಂದ ಡೇಟಾ ತೆಗೆದುಕೊಂಡು, ಅದಕ್ಕೂ ಇದೇ ಸುಳ್ಳು ಹೇಳಿ ವಾಪಸ್ ಬರುತ್ತದೆ. ಆಗಿನ ಕಾಲಕ್ಕೆ ಇದು ಸರಿಹೊಂದುತ್ತಿತ್ತು. ವೈಫೈ 54 ಎಂಬಿಪಿಎಸ್, ಮನೆಯ ಡಿಎಸ್‌ಎಲ್ ಲೈನ್ ಅದರ ಒಂದು ಚೂರು. ರೇಡಿಯೋಗೆ ಬಿಡುವು ಇತ್ತು. ಈಗ ಫೈಬರ್ ಲೈನ್ ಒಂದೇ ರೇಡಿಯೋವನ್ನು ತುಂಬಿಸಿಬಿಡುತ್ತದೆ, ಹಾರಾಡಲು ಪುರುಸೊತ್ತೆಲ್ಲಿ? ಆ ಕೆಲಸ ಸಂಶೋಧನೆಯಾಗಿಯೇ ಉಳಿಯಿತು. ನೀವು ಡಾಂಗಲ್ ತನ್ನಿ.

ಹಾಂ, ಪಕ್ಕದ ಮನೆಯ ವೈಫೈ ಬಗ್ಗೆ ಒಂದು ಮಾತು. ಅವರು ಒಪ್ಪಿ ಕೊಟ್ಟಿದ್ದರೆ ಸರಿ. ಹೇಳದೆ ಕೇಳದೆ ಹೊಕ್ಕರೆ 2000ದ ಐಟಿ ಕಾಯ್ದೆಯ 43ನೇ ಸೆಕ್ಷನ್ ಅಡಿ ಬರುತ್ತದೆ. ಕೊಡುವವರೂ ಯೋಚಿಸಬೇಕು, ನಿಮ್ಮ ಲೈನಿನಲ್ಲಿ ಬೇರೆಯವರು ಏನು ಮಾಡಿದರೂ ಪೊಲೀಸರು ಮೊದಲು ಬರುವುದು ಬಿಲ್ಲಿನಲ್ಲಿ ಹೆಸರಿರುವವರ ಮನೆಗೆ.

ಮನೆಗೆಲ್ಲ ಬೇಕು ಅಂದರೆ ಎರಡು ಲೈನಿನ ರೂಟರ್

ನೂರಕ್ಕೆ ತೊಂಬತ್ತು ಮನೆಗೆ ನಾನು ಹೇಳುವುದು ಇದನ್ನೇ. ಟಿಪಿ ಲಿಂಕ್‌ನ ಇಆರ್605 ತರಹದ ಪುಟ್ಟ ರೂಟರ್‌ನಲ್ಲಿ ಹೊರಗಿನ ಲೈನ್ ಸಿಕ್ಕಿಸಲು ಒಂದಕ್ಕಿಂತ ಹೆಚ್ಚು ವ್ಯಾನ್ ಪೋರ್ಟ್ ಇರುತ್ತವೆ, ಎಲ್ಲ ಗಿಗಾಬಿಟ್. ವೈಫೈ ಅದರಲ್ಲಿಲ್ಲ, ಈಗಿರುವ ರೂಟರನ್ನೇ ಆಕ್ಸೆಸ್ ಪಾಯಿಂಟ್ ಮಾಡಿಕೊಂಡರೆ ಆಯಿತು. ಮೈಕ್ರೋಟಿಕ್‌ನಲ್ಲೂ ಆಗುತ್ತದೆ, ಪಿಸಿಸಿ ಅನ್ನೋ ವಿಧಾನದಲ್ಲಿ ಬಹಳ ನಾಜೂಕಾಗಿ ಹಂಚಬಹುದು, ಆದರೆ ಅದರ ಸೆಟ್ಟಿಂಗ್ಸ್ ಪುಟ ನೋಡಿದರೆ ಹೊಸಬರಿಗೆ ಜ್ವರ ಬರುತ್ತದೆ. ಹಳೆಯ ರೂಟರಿಗೆ ಓಪನ್‌ಡಬ್ಲ್ಯೂಆರ್‌ಟಿ (ರೂಟರಿನ ಮೂಲ ಸಾಫ್ಟ್‌ವೇರ್ ಬದಲಿಗೆ ಹಾಕುವ ಪುಕ್ಕಟೆ ಸಾಫ್ಟ್‌ವೇರ್) ಹಾಕಿ, ಅದಕ್ಕೆ ಲೈನ್ ಹಂಚುವ ಎಂವ್ಯಾನ್3 ಸೇರಿಸಿಕೊಂಡರೆ ಖರ್ಚೇ ಇಲ್ಲ, ಒಂದು ಭಾನುವಾರ ಕೊಟ್ಟರೆ ಸಾಕು.

ಲೈನ್ ಕೇಬಲ್ ಆಗಿ ಬರದೆ ವೈಫೈ ಆಗಿಯೇ ಬರುತ್ತಿದ್ದರೆ? ಪಿಜಿಯಲ್ಲಿ ಇರುವವರು, ಹೋಂಸ್ಟೇಯಲ್ಲಿ ತಿಂಗಳುಗಟ್ಟಲೆ ಕೂತು ಕೆಲಸ ಮಾಡುವವರು ಕೇಳುವುದು ಇದನ್ನೇ. ಅವರಿಗೆ ಜಿಎಲ್ ಐನೆಟ್‌ನಂತಹ ಟ್ರಾವೆಲ್ ರೂಟರ್ ಸರಿ. ಪಿಜಿಯ ವೈಫೈಯನ್ನು ಅದು ತಾನೇ ಹಿಡಿಯುತ್ತದೆ, ಫೋನನ್ನು ಯುಎಸ್‌ಬಿಯಲ್ಲಿ ಸಿಕ್ಕಿಸಬಹುದು, ಕೇಬಲ್ ಇದ್ದರೆ ಅದನ್ನೂ ಹಾಕಬಹುದು. ಮೂರರ ನಡುವೆ ಹಂಚಿಕೆ ಬೇಕೋ, ಒಂದು ಬಿದ್ದರೆ ಇನ್ನೊಂದಕ್ಕೆ ಹೋಗುವುದು ಬೇಕೋ ಅಂತ ಆರಿಸುವ ಸೌಲಭ್ಯ ಅದರ ಸಾಫ್ಟ್‌ವೇರಿನಲ್ಲೇ ಇದೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಾದರೆ 2.4ರ ರೇಡಿಯೋವನ್ನು ಒಂದು ಆಕ್ಸೆಸ್ ಪಾಯಿಂಟಿಗೂ 5ರದ್ದನ್ನು ಇನ್ನೊಂದಕ್ಕೂ ಕಟ್ಟಿ, ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಕೊಡಬಹುದು. ಎರಡು ವೈಫೈ ಕೂಡಿಸುವ ಆಟದಲ್ಲಿ ಖರ್ಚಿಗೆ ತಕ್ಕ ಫಲ ಕೊಡುವುದು ಈ ಜೋಡಣೆಯೇ ಅಂತ ನನಗನಿಸುತ್ತದೆ.

ಹಾಕಿದ ಮೇಲೆ ಎಡವುವ ಕಡೆಗಳು ಕೆಲವು ಇವೆ. ಎರಡೂ ಕಂಪನಿಗಳ ರೂಟರುಗಳು 192.168.1.1 ಅಂತಲೇ ಕೂತಿರುತ್ತವೆ. ಹೊಸ ರೂಟರಿಗೆ ಯಾವುದು ಯಾವುದು ಅಂತ ತಿಳಿಯದೆ ಎರಡೂ ಕೆಲಸ ಮಾಡುವುದಿಲ್ಲ. ಒಂದನ್ನು 192.168.2.1 ಮಾಡಿ, ನಿಮ್ಮ ಸ್ವಂತ ರೂಟರನ್ನು ಇವೆರಡೂ ಅಲ್ಲದ ಇನ್ನೊಂದಕ್ಕೆ ಇಡಿ. ಆಮೇಲೆ ತೂಕ: ಒಂದು ಲೈನ್ 100, ಇನ್ನೊಂದು 40 ಇದ್ದರೆ ಅದೇ ಅನುಪಾತದಲ್ಲಿ ಅಂಕೆ ಕೊಡಿ. ಕೊಡದಿದ್ದರೆ ಅರ್ಧಕ್ಕರ್ಧ ಹಂಚಿ ನಿಧಾನದ ಲೈನಿನಲ್ಲಿ ಬಿದ್ದ ಪುಟಗಳೆಲ್ಲ ತೆವಳುತ್ತವೆ.

ಬ್ಯಾಂಕ್ ಸೈಟಿನಲ್ಲಿ ಲಾಗಿನ್ ಆದ ಮರುಕ್ಷಣ ಹೊರಗೆ ತಳ್ಳುತ್ತಿದೆಯಾ? ಒಂದು ಕನೆಕ್ಷನ್ ಫೈಬರಿನ ಐಪಿಯಿಂದ, ಮುಂದಿನದ್ದು ಹಾಟ್‌ಸ್ಪಾಟಿನ ಐಪಿಯಿಂದ ಹೋದರೆ ಬ್ಯಾಂಕಿಗೆ ಅನುಮಾನ ಬರುವುದು ಸಹಜ. ಇಆರ್605ನಲ್ಲಿ ಅಪ್ಲಿಕೇಶನ್ ಆಪ್ಟಿಮೈಸ್ಡ್ ರೂಟಿಂಗ್ ಅಂತಲೂ ಎಂವ್ಯಾನ್3ನಲ್ಲಿ ಸ್ಟಿಕಿ ಅಂತಲೂ ಒಂದು ಆಯ್ಕೆ ಇದೆ. ಒಂದು ಕಡೆ ಶುರುವಾದದ್ದು ಅದೇ ಲೈನಿನಲ್ಲಿ ಮುಂದುವರಿಯುವಂತೆ ಅದು ನೋಡಿಕೊಳ್ಳುತ್ತದೆ. ಹಾಕಿಡಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಲೈನ್ ಸತ್ತಿದೆ ಅಂತ ರೂಟರಿಗೆ ಗೊತ್ತಾಗುವ ಬಗೆ. ರಸ್ತೆಯಲ್ಲಿ ಫೈಬರ್ ಕಡಿದುಹೋದರೂ ಫೈಬರ್ ಬಂದು ಸೇರುವ ಮನೆಯ ಬಿಳಿ ಡಬ್ಬದಿಂದ ರೂಟರಿಗೆ ಬರುವ ಕೇಬಲ್ ಜೀವಂತವಾಗಿಯೇ ಇರುತ್ತದೆ, ದೀಪ ಹಸಿರಾಗಿಯೇ ಉರಿಯುತ್ತದೆ. ರೂಟರ್ ಎಲ್ಲ ಸರಿ ಇದೆ ಅಂತ ಅಂದುಕೊಂಡು ಅರ್ಧ ಕನೆಕ್ಷನ್‌ಗಳನ್ನು ಸತ್ತ ಲೈನಿಗೇ ಕಳಿಸುತ್ತಿರುತ್ತದೆ. ಅದಕ್ಕೆ ಹೊರಗಿನ ವಿಳಾಸವೊಂದಕ್ಕೆ, ಉದಾಹರಣೆಗೆ 8.8.8.8 ಅಥವಾ 1.1.1.1ಕ್ಕೆ, ಆಗಾಗ ಪಿಂಗ್ ಮಾಡಿ (ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತಾ ಅಂತ) ನೋಡುವಂತೆ ಸೆಟ್ ಮಾಡಬೇಕು. ಎರಡೂ ವಿಳಾಸ ಕೊಡಿ, ಒಂದನ್ನೇ ನಂಬಿದರೆ ಅದು ಕೈಕೊಟ್ಟ ದಿನ ಒಳ್ಳೆಯ ಲೈನನ್ನೂ ಸತ್ತಿದೆ ಅಂತ ಲೆಕ್ಕ ಹಾಕುತ್ತದೆ.

ಎರಡನೇ ಲೈನ್ ಆರಿಸುವಾಗ ಕಂಪನಿ ಬೇರೆಯಾದರೆ ಸಾಲದು, ದಾರಿಯೂ ಬೇರೆಯಾಗಿರಬೇಕು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಒಂದೇ ಕಂಬದ ಮೇಲಿನ ಎರಡು ಫೈಬರೂ ಒಟ್ಟಿಗೆ ಹೋಗುತ್ತವೆ. ಒಂದು ಫೈಬರ್, ಇನ್ನೊಂದು ಏರ್‌ಫೈಬರ್ ಅಥವಾ ಮೊಬೈಲ್ ಇದ್ದರೆ ಆ ಚಿಂತೆ ಕಡಿಮೆ. 2023ರಿಂದ ಜಿಯೋ, ಏರ್‌ಟೆಲ್ ಎರಡೂ 5ಜಿ ಮೇಲೆ ಏರ್‌ಫೈಬರ್ ಕೊಡುತ್ತಿವೆ, ನಿಮ್ಮ ಊರಿನ ಟವರಿನಲ್ಲಿ 5ಜಿ ಇದೆಯಾ ಅಂತ ಮೊದಲು ಕೇಳಿ. ಒಂದೇ ಕಂಪನಿಯ ಎರಡು ಸಿಮ್ ಹಾಕಿ ಕೂಡಿಸಲು ಹೋಗಬೇಡಿ, ಎರಡೂ ಅದೇ ಟವರಿಗೆ ಹೋಗಿ ಅದೇ ಜಾಗಕ್ಕೆ ಕಿತ್ತಾಡುತ್ತವೆ. ಮತ್ತೆ, ಕರೆಂಟ್ ಹೋದರೆ ಎಷ್ಟು ಲೈನ್ ಇದ್ದೂ ಪ್ರಯೋಜನ ಇಲ್ಲ. ರೂಟರಿಗೆ ಹಾಕುವ ಪುಟ್ಟ 12 ವೋಲ್ಟ್ ಯುಪಿಎಸ್ ಒಂದು ತಂದಿಡಿ. ನಾನಾದರೆ ಎರಡನೇ ಲೈನಿಗಿಂತ ಮೊದಲು ಅದನ್ನು ಕೊಳ್ಳುತ್ತೇನೆ.

ನಿಜವಾದ ಬಾಂಡಿಂಗ್ ಯಾರಿಗೆ

ಹಂಚುವ ರೂಟರಿನಲ್ಲಿ ಒಂದು ಲೈನ್ ಬಿದ್ದರೆ ನಡೆಯುತ್ತಿದ್ದ ವಿಡಿಯೋ ಕಾಲ್ ಕತ್ತರಿಸಿ, ಕೆಲವು ಸೆಕೆಂಡ್ ಬಿಟ್ಟು ಮತ್ತೆ ಸೇರುತ್ತದೆ. ಹೆಚ್ಚಿನವರಿಗೆ ಇದು ಓಕೆ. ಇಂಟರ್‌ವ್ಯೂ ಕೊಡುವವರಿಗೆ, ದಿನಾ ಕ್ಲೈಂಟ್ ಮುಂದೆ ಕೂರುವವರಿಗೆ, ಆಫೀಸ್ ವಿಪಿಎನ್ ಬಿದ್ದರೆ ಮತ್ತೆ ಒಟಿಪಿ ಹಾಕಿ ಒಳಗೆ ಹೋಗಬೇಕಾದವರಿಗೆ ಓಕೆ ಅಲ್ಲ. ಅವರಿಗೆ ಬಾಂಡಿಂಗ್.

ಸುಲಭದ್ದು ಸ್ಪೀಡಿಫೈ ತರಹದ ಆ್ಯಪ್. ವಿಂಡೋಸ್, ಮ್ಯಾಕ್, ಆಂಡ್ರಾಯ್ಡ್, ಐಫೋನ್ ಎಲ್ಲದಕ್ಕೂ ಇದೆ. ನಡುವಿನ ಸರ್ವರ್ ಅವರದ್ದು, ನೀವು ಚಂದಾ ಕಟ್ಟುತ್ತೀರಿ. ಪುಕ್ಕಟೆಗೆ ಸ್ವಲ್ಪ ಡೇಟಾ ಕೊಡುತ್ತಾರೆ, ಅದರಲ್ಲಿ ಒಂದೆರಡು ಕಾಲ್ ಮಾಡಿ ನೋಡಿಯೇ ದುಡ್ಡು ಕಟ್ಟಿ. ಇದರಲ್ಲಿ ರಿಡಂಡೆಂಟ್ ಅಂತ ಒಂದು ವಿಧಾನ ಇದೆ, ಪ್ರತಿ ಪ್ಯಾಕೆಟ್ಟನ್ನೂ ಎರಡೂ ಲೈನಿನಲ್ಲಿ ಕಳಿಸಿ ಮೊದಲು ಮುಟ್ಟಿದ್ದನ್ನು ತೆಗೆದುಕೊಳ್ಳುತ್ತದೆ. ಸ್ಪೀಡ್ ಒಂಚೂರೂ ಕೂಡುವುದಿಲ್ಲ, ಡೇಟಾ ಎರಡರಷ್ಟು ಖರ್ಚಾಗುತ್ತದೆ, ಆದರೆ ಕಾಲ್ ಅಲುಗಾಡುವುದಿಲ್ಲ. ವಿಡಿಯೋ ಕಾಲಿಗೆ ಬೇಕಾಗುವುದು ಎರಡು ಮೂರು ಎಂಬಿಪಿಎಸ್ ಅಷ್ಟೇ ಆದ್ದರಿಂದ ಈ ವ್ಯವಹಾರ ಲಾಭದ್ದೇ.

ಸ್ವಂತ ಸರ್ವರ್ ಇಡಬಲ್ಲವರಿಗೆ ಓಪನ್‌ಎಂಪಿಟಿಸಿಪಿರೂಟರ್ ಇದೆ, ಪುಕ್ಕಟೆ ಸಾಫ್ಟ್‌ವೇರ್. ಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ ಅಥವಾ ಹಳೆಯ ಕಂಪ್ಯೂಟರ್, ಹೊರಗೆ ಬಾಡಿಗೆಯ ಒಂದು ವಿಪಿಎಸ್ (ಡೇಟಾ ಸೆಂಟರಿನಲ್ಲಿರುವ ಪುಟ್ಟ ಸರ್ವರ್), ನಡುವೆ ಎಂಪಿಟಿಸಿಪಿ. ಈ ಎಂಪಿಟಿಸಿಪಿ 2020ರಿಂದ ಲಿನಕ್ಸ್ ಕರ್ನಲ್ಲಿನ 5.6 ಆವೃತ್ತಿಯಲ್ಲೇ ಸೇರಿಕೊಂಡಿದೆ. ವಿಪಿಎಸ್ ಹತ್ತಿರದಲ್ಲೇ ಇರಲಿ, ಬೆಂಗಳೂರಲ್ಲಿ ಡಿಜಿಟಲ್ ಓಷನ್, ಮುಂಬೈಯಲ್ಲಿ ಅಮೆಜಾನ್ ಹೀಗೆ. ಸಿಂಗಪುರದಲ್ಲಿಟ್ಟರೆ ಪ್ರತಿ ಪ್ಯಾಕೆಟ್ ಸಮುದ್ರ ದಾಟಿ ಬರಬೇಕು. ಖರ್ಚಿನ ಲೆಕ್ಕ ಮಾತ್ರ ಸರಿಯಾಗಿ ಹಾಕಿ. ನೀವು ಮನೆಯಲ್ಲಿ ಇಳಿಸುವ ಪ್ರತಿ ಜಿಬಿಯೂ ಆ ಸರ್ವರಿನಿಂದ ಹೊರಗೆ ಹೋಗುವ ಜಿಬಿ. ಅಮೆಜಾನ್ ಮುಂಬೈಯಲ್ಲಿ ಮೊದಲ 100 ಜಿಬಿ ಬಿಟ್ಟು ಮುಂದೆ ಜಿಬಿಗೆ ಸುಮಾರು 11 ಸೆಂಟ್. ತಿಂಗಳಿಗೆ 500 ಜಿಬಿ ಬಳಸಿದರೆ 40 ಡಾಲರ್ ದಾಟುತ್ತದೆ, ಆ ದುಡ್ಡಿಗೆ ಇನ್ನೂ ಎರಡು ಫೈಬರ್ ಲೈನೇ ಬರುತ್ತದೆ. ಡಿಜಿಟಲ್ ಓಷನ್‌ನ 6 ಡಾಲರ್ ಸರ್ವರಿನಲ್ಲಿ 1 ಟಿಬಿ ಸೇರಿರುತ್ತದೆ, ಮನೆಬಳಕೆಗೆ ಅಂಥದ್ದೇ ಸರಿ.

ಎರಡರಲ್ಲೂ ಒಂದು ತೊಡಕು ಇದ್ದೇ ಇದೆ. ಹೊರಗಿನವರಿಗೆ ನೀವು ಮನೆಯಿಂದ ಬಂದಂತೆ ಕಾಣುವುದಿಲ್ಲ, ಡೇಟಾ ಸೆಂಟರಿನಿಂದ ಬಂದಂತೆ ಕಾಣುತ್ತೀರಿ. ಒಟಿಟಿಯವರು ವಿಪಿಎನ್ ಅಂತ ಹೊರಗೆ ಹಾಕುತ್ತಾರೆ, ಕೆಲವು ಸೈಟುಗಳು ಪದೇ ಪದೇ ನೀವು ಮನುಷ್ಯರೇ ಅಂತ ಕೇಳುತ್ತವೆ, ಸರ್ವರ್ ಹೊರದೇಶದಲ್ಲಿದ್ದರೆ ನಮ್ಮ ಹಲವು ಸರ್ಕಾರಿ ಸೈಟುಗಳು ತೆರೆಯುವುದೇ ಇಲ್ಲ. ಅದಕ್ಕೆ ಕೆಲಸಕ್ಕೆ ಬೇಕಾದದ್ದನ್ನು ಮಾತ್ರ ಬಾಂಡಿಂಗ್ ಒಳಗೆ ಹಾಕಿ, ಟಿವಿ ಮತ್ತು ಬ್ಯಾಂಕನ್ನು ನೇರ ಬಿಡಿ.

ಎರಡು ಲೈನುಗಳ ನಡುವೆ ವ್ಯತ್ಯಾಸ ಜಾಸ್ತಿ ಇದ್ದರೂ ಬಾಂಡಿಂಗ್ ಕೈಕೊಡುತ್ತದೆ. ಫೈಬರಿನಲ್ಲಿ ಪಿಂಗ್ (ಪ್ಯಾಕೆಟ್ ಹೋಗಿ ಉತ್ತರ ಬರುವ ಹೊತ್ತು) 8 ಮಿಲಿಸೆಕೆಂಡ್, ಹಾಟ್‌ಸ್ಪಾಟಿನಲ್ಲಿ 90 ಇದ್ದರೆ ಬೇಗ ಬಂದ ಪ್ಯಾಕೆಟ್‌ಗಳು ತಡವಾದವಕ್ಕೆ ಕಾದು ಕೂರಬೇಕು. ಆ ಕಾಯುವಿಕೆಯಲ್ಲಿ ಕೂಡಿಸಿದ ಲಾಭವೆಲ್ಲ ಹೋಗುತ್ತದೆ, ಕೆಲವು ಸಲ ಫೈಬರ್ ಒಂದೇ ಇದ್ದಾಗಿಗಿಂತ ನಿಧಾನ ಆಗುತ್ತದೆ. ನಾನು ಹಿಡಿಯುವ ಲೆಕ್ಕ ಇದು: ಎರಡನೇ ಲೈನಿನ ಸ್ಪೀಡ್ ಮೊದಲಿನದರ ಕಾಲು ಭಾಗವೂ ಇಲ್ಲದಿದ್ದರೆ ಕೂಡಿಸಬೇಡಿ, ಮೊದಲಿನದು ಬಿದ್ದಾಗ ಎದ್ದು ನಿಲ್ಲಲಿ ಅಂತ ಪಕ್ಕಕ್ಕಿಡಿ.

ಲೈವ್ ಮಾಡುವವರದ್ದು ಬೇರೆಯದೇ ಲೆಕ್ಕ

ಯಕ್ಷಗಾನ, ಜಾತ್ರೆ, ಮದುವೆ ಲೈವ್ ಕೊಡುವವರಿಗೆ ಬೇಕಿರುವುದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಅದೂ ರಾತ್ರಿಯಿಡೀ ಒಂದೇ ಸಮನೆ. 1080ಪಿ ಕಳಿಸಲು ಸುಮಾರು 5-6 ಎಂಬಿಪಿಎಸ್ ಸಾಕು, ಆದರೆ ಸಾವಿರ ಜನ ಸೇರಿ ಎಲ್ಲರೂ ಫೋನ್ ತೆಗೆದ ಬಯಲಿನಲ್ಲಿ ಒಂದು ಸಿಮ್ಮಿನಿಂದ ಅಷ್ಟು ಸ್ಥಿರವಾಗಿ ಸಿಗುವುದಿಲ್ಲ. ಲೈವ್ ಕೂಡ ಒಂದೇ ಕನೆಕ್ಷನ್, ಹಂಚುವ ರೂಟರ್ ಇಲ್ಲಿ ದಂಡ. ಟಿವಿ ಚಾನೆಲ್‌ನವರು ಹೆಗಲಿಗೆ ಹಾಕಿಕೊಂಡು ಓಡಾಡುವ ಲೈವ್‌ಯು ಬ್ಯಾಗಿನೊಳಗೆ ನಡೆಯುವುದು ಬಾಂಡಿಂಗೇ, ಬೇರೆ ಬೇರೆ ಕಂಪನಿಯ ಹಲವು ಸಿಮ್‌ಗಳು ಸೇರಿ ಒಂದು ವಿಡಿಯೋ ಹೊರುತ್ತವೆ. ಪೆಪ್ಲಿಂಕ್ ಕಂಪನಿಯ ರೂಟರುಗಳು ಸ್ಪೀಡ್‌ಫ್ಯೂಷನ್ ಹೆಸರಿನಲ್ಲಿ ಇದನ್ನೇ ಮಾಡುತ್ತವೆ. ಎರಡೂ ದುಬಾರಿ. ವರ್ಷಕ್ಕೆ ನಾಲ್ಕು ಕಾರ್ಯಕ್ರಮ ಮಾಡುವವರು ಕೊಳ್ಳಬೇಡಿ, ಬಾಡಿಗೆಗೆ ಸಿಕ್ಕರೆ ತನ್ನಿ. ಸಿಗದಿದ್ದರೆ ಒಂದು ಲ್ಯಾಪ್‌ಟಾಪ್, ಯುಎಸ್‌ಬಿಯಲ್ಲಿ ಕಟ್ಟಿದ ಬೇರೆ ಬೇರೆ ಕಂಪನಿಯ ಎರಡು ಫೋನ್, ದೇವಸ್ಥಾನದ ಆಫೀಸಿನಿಂದ ಎಳೆದ ಒಂದು ಲ್ಯಾನ್ ಕೇಬಲ್, ಮೇಲೆ ಸ್ಪೀಡಿಫೈ ಹಾಕಿದರೆ ಹತ್ತಿರ ಹತ್ತಿರ ಅದೇ ಕೆಲಸ ಆಗುತ್ತದೆ. ಪರೀಕ್ಷೆ ಮಾತ್ರ ಮಧ್ಯಾಹ್ನದ ಖಾಲಿ ಬಯಲಿನಲ್ಲಿ ಮಾಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಜನ ಸೇರಿದ ಮೇಲೆ ಮತ್ತೊಮ್ಮೆ ಅಪ್‌ಲೋಡ್ ನೋಡಿ, ಆಗ ಬಂದ ಅಂಕೆಯ ಅರ್ಧಕ್ಕೆ ವಿಡಿಯೋದ ಬಿಟ್‌ರೇಟ್ ಇಡಿ. ಫೋನುಗಳನ್ನು ಲ್ಯಾಪ್‌ಟಾಪಿನ ಹಿಂದೆ ಒಂದರ ಮೇಲೊಂದು ಪೇರಿಸಿದರೆ ಬಿಸಿಯಾಗಿ ತಾವೇ ಸ್ಪೀಡ್ ಇಳಿಸಿಕೊಳ್ಳುತ್ತವೆ, ಗಾಳಿ ಆಡುವ ಕಡೆ ಬೇರೆ ಬೇರೆಯಾಗಿ ಇಡಿ.